ಹಿಮದ ನಾಡಿನಲ್ಲಿ ದ್ರಾಕ್ಷಿಯ ಪುನರ್ಜನ್ಮ

ನ್ಯೂಯಾರ್ಕ್ ಎಂದೊಡನೆ ನಮ್ಮ ಕಣ್ಣಮುಂದೆ ನಿಲ್ಲುವುದು ಮುಗಿಲು ಮುಟ್ಟುವ ಕಟ್ಟಡಗಳ ಮಹಾನಗರ. ಅದೇ ಹೆಸರಿನ ರಾಜ್ಯವೊಂದು ಇದೆಯೆಂಬುದನ್ನೂ, ಆ ರಾಜ್ಯದ ಒಳನಾಡಿನಲ್ಲಿ ಹೊಲ, ಹುಲ್ಲುಗಾವಲು, ಹಣ್ಣಿನ ತೋಟಗಳು ಹರಡಿಕೊಂಡಿವೆಯೆಂಬುದನ್ನೂ ನಾವು ಸಾಮಾನ್ಯವಾಗಿ ನೆನೆಯುವುದಿಲ್ಲ. ನಗರದಿಂದ ವಾಯವ್ಯಕ್ಕೆ ಇನ್ನೂರು ಮೈಲಿಗೂ ಮಿಕ್ಕಿದ ದೂರದಲ್ಲಿ ಹನ್ನೊಂದು ಸರೋವರಗಳು ಉತ್ತರ ದಕ್ಷಿಣವಾಗಿ, ಒಂದರ ಪಕ್ಕದಲ್ಲಿ ಒಂದು, ಉದ್ದುದ್ದವಾಗಿ ಬಿದ್ದುಕೊಂಡಿವೆ. ನಕಾಶೆಯಲ್ಲಿ ನೋಡಿದರೆ ಯಾರೋ ನೆಲದ ಮೇಲೆ ಕೈಬೆರಳುಗಳನ್ನು ಊರಿ ತೆಗೆದಂತೆ ಕಾಣುತ್ತದೆ. ಆದ್ದರಿಂದಲೇ ಅವಕ್ಕೆ 'ಫಿಂಗರ್ ಲೇಕ್ಸ್', ಅಂದರೆ ಬೆರಳು ಸರೋವರಗಳು, ಎಂಬ ಹೆಸರು.

ವರ್ಷದಲ್ಲಿ ನಾಲ್ಕೈದು ತಿಂಗಳು ಹಿಮಕ್ಕೆ ಗುರಿಯಾಗುವ ಈ ನಾಡಿನಲ್ಲಿ ಇಂದು ನೂರಕ್ಕೂ ಹೆಚ್ಚು ವೈನು ತಯಾರಿಸುವ ಮನೆಗಳಿವೆ. ಇಲ್ಲಿಯ 'ರೀಸ್ಲಿಂಗ್' ಎಂಬ ಬಿಳಿಯ ದ್ರಾಕ್ಷಾಮದ್ಯವನ್ನು ಜರ್ಮನಿಯ ಹೆಸರಾಂತ ವೈನುಗಳ ಜೊತೆಯಲ್ಲಿಟ್ಟು ಬಲ್ಲವರು ಮಾತನಾಡುತ್ತಾರೆ. ಆದರೆ ಎಪ್ಪತ್ತು ವರ್ಷಗಳ ಹಿಂದೆ, ಯೂರೋಪಿನ ಉತ್ತಮ ದ್ರಾಕ್ಷಿ ಇಲ್ಲಿ ಬದುಕಲಾರದೆಂಬುದು ಪಂಡಿತರ ತೀರ್ಮಾನವಾಗಿತ್ತು. ಆ ತೀರ್ಮಾನ ಹೇಗೆ ಬಿದ್ದುಹೋಯಿತು, ಬಿದ್ದುಹೋದ ಉದ್ಯಮ ಹೇಗೆ ಎದ್ದುನಿಂತಿತು ಎಂಬುದೇ ಈ ಲೇಖನದ ವಿಷಯ. ಮದ್ಯಪಾನದ ಗುಣದೋಷಗಳ ವಿಚಾರ ಬೇರೆ. ಅದನ್ನು ಇಲ್ಲಿ ಎತ್ತಿಕೊಂಡಿಲ್ಲ. ಭೂಗೋಳ, ಸಸ್ಯಶಾಸ್ತ್ರ, ಅರ್ಥಶಾಸ್ತ್ರ, ಶಾಸನ ಇವೆಲ್ಲವೂ ಒಂದು ಬಳ್ಳಿಯ ಸುತ್ತ ಹೇಗೆ ಹೆಣೆದುಕೊಳ್ಳುತ್ತವೆ ಎಂಬುದನ್ನು ತೋರಿಸುವುದರಿಂದ ಈ ಕಥೆ ವಿದ್ಯಾರ್ಥಿಗಳಾದ ನಮಗೆ ತಿಳಿಯತಕ್ಕದ್ದಾಗಿದೆ.

ನೆಲ ಮತ್ತು ನೀರು

ಮೊದಲು ನೆಲದ ಸಂಗತಿ. ಹಿಮಯುಗದಲ್ಲಿ ಉತ್ತರದಿಂದ ಸರಿದುಬಂದ ನೀರ್ಗಲ್ಲಿನ ಮಹಾರಾಶಿ ಹಳೆಯ ನದೀಕಣಿವೆಗಳನ್ನು ಉಜ್ಜಿ, ಕೊರೆದು, ಆಳವಾಗಿ ತೋಡಿತು. ಅದು ಕರಗಿ ಹಿಂದೆ ಸರಿದ ಮೇಲೆ ಆ ಕಣಿವೆಗಳಲ್ಲಿ ನೀರು ನಿಂತು ಸರೋವರಗಳಾದವು. ಇವುಗಳಲ್ಲಿ ಸೆನೆಕ ಮತ್ತು ಕಯೂಗ ಎಂಬೆರಡು ದೊಡ್ಡವು. ಆ ಹೆಸರುಗಳು ಅಲ್ಲಿಯ ಮೂಲನಿವಾಸಿಗಳ ಎರಡು ಜನಾಂಗಗಳವು. ಸೆನೆಕ ಸರೋವರ ಸುಮಾರು ೩೮ ಮೈಲಿ ಉದ್ದ, ೬೧೮ ಅಡಿ ಆಳ. ಅದರ ತಳ ಸಮುದ್ರಮಟ್ಟಕ್ಕಿಂತಲೂ ಕೆಳಗಿದೆ ಎಂದರೆ ಆ ಆಳದ ಅಂದಾಜು ಸಿಕ್ಕೀತು. ಕ್ಯೂಕ ಎಂಬ ಇನ್ನೊಂದು ಸರೋವರ ಕವಣೆಯ ಕವಲಿನಂತೆ ಎರಡಾಗಿ ಒಡೆದಿದೆ. ಅದರ ದಕ್ಷಿಣದ ತುದಿಯಲ್ಲಿರುವ ಹ್ಯಾಮಂಡ್ಸ್‌ಪೋರ್ಟ್ ಎಂಬ ಸಣ್ಣ ಊರೇ ನಮ್ಮ ಕಥೆಯ ಮುಖ್ಯ ರಂಗಸ್ಥಳ.

ದ್ರಾಕ್ಷಿಗೂ ಸರೋವರದ ಆಳಕ್ಕೂ ಏನು ಸಂಬಂಧ? ನೀರು ಬೇಗ ಕಾಯುವುದಿಲ್ಲ, ಕಾದರೆ ಬೇಗ ಆರುವುದೂ ಇಲ್ಲ. ಬೆಂಕಿ ಆರಿದ ಮೇಲೂ ಮಣ್ಣಿನ ಒಲೆ ಬಹಳ ಹೊತ್ತು ಬೆಚ್ಚಗಿರುವಂತೆ, ಬೇಸಗೆಯಲ್ಲಿ ಹೀರಿಕೊಂಡ ಶಾಖವನ್ನು ಈ ಆಳದ ನೀರು ಚಳಿಗಾಲದುದ್ದಕ್ಕೂ ಸ್ವಲ್ಪ ಸ್ವಲ್ಪವಾಗಿ ಬಿಟ್ಟುಕೊಡುತ್ತದೆ. ಸೆನೆಕ ಸರೋವರ ಇಡಿಯಾಗಿ ಹೆಪ್ಪುಗಟ್ಟುವುದು ಬಲು ಅಪರೂಪ. ದಡದ ಇಳಿಜಾರುಗಳಲ್ಲಿ ತಣ್ಣನೆಯ ಗಾಳಿ ಭಾರವಾಗಿ ಕೆಳಕ್ಕೆ ಜಾರಿ ನೀರಿನ ಕಡೆಗೆ ಹೋಗುತ್ತದೆ. ಬೆಚ್ಚನೆಯ ಗಾಳಿ ಮೇಲೇರುತ್ತದೆ. ಹೀಗಾಗಿ ದಡದಿಂದ ಕೆಲವು ಮೈಲಿ ಆಚೆ ಬಳ್ಳಿ ಸತ್ತುಹೋಗುವ ಚಳಿಯಲ್ಲಿ ದಡದ ಬಳ್ಳಿ ಉಳಿದುಕೊಳ್ಳಬಹುದು. ವಸಂತದಲ್ಲಿ ಇದರ ವಿರುದ್ಧವಾದ ಕೆಲಸ ನಡೆಯುತ್ತದೆ. ಆಗ ನೀರು ಇನ್ನೂ ತಣ್ಣಗಿರುವುದರಿಂದ ದಡದ ಬಳ್ಳಿಗಳು ತಡವಾಗಿ ಚಿಗುರುತ್ತವೆ. ತಡವಾಗಿ ಬೀಳುವ ಇಬ್ಬನಿಹಿಮಕ್ಕೆ ಎಳೆಯ ಚಿಗುರು ಸಿಕ್ಕಿಬೀಳುವ ಅಪಾಯ ಅಷ್ಟರಮಟ್ಟಿಗೆ ತಪ್ಪುತ್ತದೆ. ಶರತ್ಕಾಲದಲ್ಲಿ ನೀರಿನ ಬಿಸುಪು ಹಣ್ಣು ಮಾಗಲು ಇನ್ನೂ ಕೆಲವು ದಿನಗಳ ಅವಕಾಶ ಕೊಡುತ್ತದೆ. ಸರೋವರವಿಲ್ಲದಿದ್ದರೆ ಇಲ್ಲಿ ದ್ರಾಕ್ಷಿಯ ಮಾತೇ ಇಲ್ಲ.

ಎರಡು ಕುಲಗಳ ಭೇದ

ಇನ್ನು ಬಳ್ಳಿಯ ಸಂಗತಿ. ವೈನಿಗೆ ಹೆಸರಾದ ಯೂರೋಪಿನ ದ್ರಾಕ್ಷಿಗಳೆಲ್ಲ 'ವಿಟಿಸ್ ವಿನಿಫೆರ' ಎಂಬ ಒಂದೇ ಜಾತಿಗೆ ಸೇರಿದವು. ರೀಸ್ಲಿಂಗ್, ಶಾರ್ಡೊನೆ, ಪಿನೊ ನ್ವಾರ್ ಮೊದಲಾದವು ಅದರ ತಳಿಗಳು. ಅಮೆರಿಕದ ಈಶಾನ್ಯ ಭಾಗದ ಕಾಡುಗಳಲ್ಲಿ ತಾನಾಗಿ ಬೆಳೆಯುವ ದ್ರಾಕ್ಷಿ 'ವಿಟಿಸ್ ಲಬ್ರುಸ್ಕ'. ಇದರ ಹಣ್ಣಿನ ಸಿಪ್ಪೆ ದಪ್ಪ, ತಿರುಳು ಜಾರಿಕೊಳ್ಳುವಂಥದು, ಪರಿಮಳ ಬಹಳ ಕಟು. ಆ ಪರಿಮಳ ಹೇಗಿರುತ್ತದೆಂದು ನಮ್ಮವರಿಗೆ ಹೇಳಿಕೊಡಬೇಕಾದ ಅಗತ್ಯವಿಲ್ಲ. ಬೆಂಗಳೂರು ಗ್ರಾಮಾಂತರ, ಚಿಕ್ಕಬಳ್ಳಾಪುರ, ಕೋಲಾರಗಳ ಕಡೆ ಬೆಳೆಯುವ 'ಬೆಂಗಳೂರು ನೀಲಿ' ದ್ರಾಕ್ಷಿಯಲ್ಲಿರುವುದು ಇದೇ ಲಬ್ರುಸ್ಕದ ಅಂಶ. ಬಾಯಿಗೆ ಹಾಕಿಕೊಂಡೊಡನೆ ಮೂಗಿಗೆ ಅಡರುವ ಆ ವಾಸನೆ ತಿನ್ನುವ ಹಣ್ಣಿನಲ್ಲಿ, ಹಣ್ಣಿನ ರಸದಲ್ಲಿ ಹಿತವಾಗಿಯೇ ಇರುತ್ತದೆ. ವೈನಿನಲ್ಲಿ ಅದನ್ನು ಬಲ್ಲವರು ಒಪ್ಪುವುದಿಲ್ಲ.

ಹಾಗಾದರೆ ಯೂರೋಪಿನಿಂದ ಹೋಗಿ ನೆಲಸಿದವರು ತಮ್ಮ ಊರಿನ ಬಳ್ಳಿಗಳನ್ನೇ ನೆಡಬಾರದಿತ್ತೆ? ನೆಟ್ಟರು. ಸುಮಾರು ಮುನ್ನೂರು ವರ್ಷ ಅಮೆರಿಕದ ಪೂರ್ವ ಕರಾವಳಿಯುದ್ದಕ್ಕೂ ನೆಟ್ಟು ನೆಟ್ಟು ಸೋತರು. ಮುಂದೆ ರಾಷ್ಟ್ರಾಧ್ಯಕ್ಷನಾದ ಥಾಮಸ್ ಜೆಫರ್ಸನ್ ವರ್ಜೀನಿಯದ ತನ್ನ ತೋಟದಲ್ಲಿ ಪ್ರಯತ್ನಿಸಿ ವಿಫಲನಾದನು. ಬಳ್ಳಿ ಒಂದೆರಡು ವರ್ಷ ಚೆನ್ನಾಗಿಯೇ ಬಂದು ಆಮೇಲೆ ಸೊರಗಿ ಸಾಯುತ್ತಿತ್ತು. ಚಳಿ ಒಂದು ಕಾರಣ, ಬೂಷ್ಟು ರೋಗಗಳು ಇನ್ನೊಂದು. ಮೂರನೆಯದು ಕಣ್ಣಿಗೆ ಬೀಳದಂತೆ ಬೇರನ್ನು ಹೀರುವ 'ಫಿಲಾಕ್ಸರ' ಎಂಬ ಹೇನಿನಂಥ ಕೀಟ. ಅಮೆರಿಕದ ಬಳ್ಳಿಗಳು ಈ ಕೀಟದ ಜೊತೆಯಲ್ಲೇ ಹುಟ್ಟಿ ಬೆಳೆದವಾದ್ದರಿಂದ ಅದನ್ನು ತಾಳಿಕೊಳ್ಳುತ್ತವೆ. ಯೂರೋಪಿನ ಬೇರಿಗೆ ಆ ಶಕ್ತಿ ಇಲ್ಲ. ೧೮೬೦ರ ದಶಕದಲ್ಲಿ ಈ ಕೀಟ ಸಮುದ್ರ ದಾಟಿ ಫ್ರಾನ್ಸಿನ ತೋಟಗಳನ್ನು ನಾಶಮಾಡಿದಾಗ, ಅಮೆರಿಕದ ಬೇರಿಗೆ ಯೂರೋಪಿನ ಕಡ್ಡಿಯನ್ನು ಕಸಿಮಾಡುವ ಉಪಾಯ ಬಳಕೆಗೆ ಬಂದಿತು. ನಮ್ಮ ವಿಜಯಪುರದ ಕಡೆಯ ದ್ರಾಕ್ಷಿ ಬೆಳೆಗಾರರು 'ಡಾಗ್‌ರಿಡ್ಜ್' ಎಂಬ ಅಮೆರಿಕದ ಬೇರುಸಸಿಯ ಮೇಲೆ ಕಸಿಕಟ್ಟುವುದೂ ಇದೇ ವಿದ್ಯೆಯ ಫಲ. ಅಲ್ಲಿ ಅವರಿಗೆ ಬೇಕಾದದ್ದು ಉಪ್ಪುನೀರನ್ನೂ ಬರವನ್ನೂ ತಾಳುವ ಬೇರು.

ಮೊದಲ ಏಳಿಗೆ, ಮೊದಲ ಪತನ

೧೮೨೯ರಲ್ಲಿ ವಿಲಿಯಂ ಬಾಸ್ಟ್‌ವಿಕ್ ಎಂಬ ಪಾದ್ರಿ ಹ್ಯಾಮಂಡ್ಸ್‌ಪೋರ್ಟಿನ ಇಗರ್ಜಿಯ ತೋಟದಲ್ಲಿ ಇಸಾಬೆಲ್ಲ, ಕಟಾಬ ಎಂಬ ಅಮೆರಿಕದ ತಳಿಗಳನ್ನು ನೆಟ್ಟನು. ಬಳ್ಳಿ ಹಬ್ಬಿತು, ಊರವರೂ ನೆಟ್ಟರು. ೧೮೬೦ರಲ್ಲಿ ಪ್ಲೆಸೆಂಟ್ ವ್ಯಾಲಿ ವೈನ್ ಕಂಪೆನಿ, ೧೮೬೫ರಲ್ಲಿ ಮುಂದೆ 'ಗೋಲ್ಡ್ ಸೀಲ್' ಎಂದು ಹೆಸರಾದ ಅರ್ಬಾನ ಕಂಪೆನಿ, ೧೮೮೦ರಲ್ಲಿ ಟೇಲರ್ ಕಂಪೆನಿ ಹುಟ್ಟಿಕೊಂಡವು. ನೊರೆಯುಕ್ಕುವ ವೈನಿಗೆ ಈ ಪ್ರದೇಶ ದೇಶದಲ್ಲೆಲ್ಲ ಹೆಸರಾಯಿತು.

೧೯೨೦ರಲ್ಲಿ ಅಮೆರಿಕದಲ್ಲಿ ಸಂಪೂರ್ಣ ಪಾನನಿರೋಧ ಜಾರಿಗೆ ಬಂದಿತು. ಹದಿಮೂರು ವರ್ಷ ವೈನಿನ ವ್ಯಾಪಾರ ನಿಂತಿತು. ಇಗರ್ಜಿಗಳ ಪೂಜೆಗೆ ಬೇಕಾದ ವೈನನ್ನೂ, ಹುಳಿಯದ ಹಣ್ಣಿನ ರಸವನ್ನೂ ಮಾರಿ ಕೆಲವು ದೊಡ್ಡ ಕಂಪೆನಿಗಳು ಜೀವ ಹಿಡಿದುಕೊಂಡವು; ಚಿಕ್ಕವು ಮುಚ್ಚಿಹೋದವು. ೧೯೩೩ರಲ್ಲಿ ನಿರೋಧ ತೆರವಾದಾಗ ಉಳಿದದ್ದು ಬೆರಳೆಣಿಕೆಯ ದೊಡ್ಡ ಸಂಸ್ಥೆಗಳು ಮತ್ತು ಅವುಗಳಿಗೆ ಹಣ್ಣು ಹಾಕುವ ನೂರಾರು ರೈತರು. ಹಣ್ಣಿಗೆ ಬೆಲೆ ಕಟ್ಟುವವರು ಕಂಪೆನಿಯವರು, ಕೊಟ್ಟಷ್ಟನ್ನು ಪಡೆಯುವವರು ರೈತರು. ಉತ್ತಮ ವೈನಿನ ಕೀರ್ತಿಯೆಲ್ಲ ಬಿಸಿಲು ಹೇರಳವಾಗಿರುವ ಕ್ಯಾಲಿಫೋರ್ನಿಯದ ಪಾಲಾಯಿತು.

ನೆಲ ಗುಡಿಸಿದ ವಿದ್ವಾಂಸ

೧೯೩೪ರಲ್ಲಿ ಷಾರ್ಲ್ ಫೂರ್ನಿಯೆ ಎಂಬ ಫ್ರೆಂಚರವರು ಗೋಲ್ಡ್ ಸೀಲಿನ ಕಂಪೆನಿಗೆ ಬಂದರು. ಅದಕ್ಕೆ ಮುಂಚೆ ಅವರು ಷಾಂಪೇನ್ ಪ್ರಾಂತದ ಹೆಸರಾಂತ 'ವವ್ ಕ್ಲಿಕೊ' ಸಂಸ್ಥೆಯಲ್ಲಿ ವೈನು ತಯಾರಿಕೆಯ ಹೊಣೆ ಹೊತ್ತಿದ್ದವರು. ಅಮೆರಿಕದ ಕಾಡುಜಾತಿಯನ್ನೂ ಯೂರೋಪಿನ ಜಾತಿಯನ್ನೂ ಕೂಡಿಸಿ ಫ್ರಾನ್ಸಿನಲ್ಲಿ ಪಡೆದಿದ್ದ ಮಿಶ್ರತಳಿಗಳನ್ನು ಅವರು ಇಲ್ಲಿ ನೆಡಿಸಿದರು. ವೈನು ಸುಧಾರಿಸಿತು, ಆದರೆ ತಮ್ಮ ಊರಿನ ವೈನು ಅದಾಗಲಿಲ್ಲವೆಂಬುದು ಅವರಿಗೆ ಗೊತ್ತಿತ್ತು.

೧೯೫೧ರಲ್ಲಿ ಕಾನ್‌ಸ್ಟಂಟಿನ್ ಫ್ರಾಂಕ್ ಎಂಬುವರು ಹೆಂಡತಿ ಮಕ್ಕಳೊಡನೆ ನ್ಯೂಯಾರ್ಕಿಗೆ ಬಂದಿಳಿದರು. ಅವರು ೧೮೯೯ರಲ್ಲಿ ಉಕ್ರೇನಿನಲ್ಲಿ ಹುಟ್ಟಿದ ಜರ್ಮನ್ ಮೂಲದವರು. ಚಳಿಯ ಪ್ರದೇಶದಲ್ಲಿ ದ್ರಾಕ್ಷಿ ಬೆಳೆಯುವ ವಿಷಯವನ್ನು ಕುರಿತು ಒಡೆಸ್ಸದಲ್ಲಿ ಪ್ರಬಂಧ ಬರೆದು ಡಾಕ್ಟರೇಟ್ ಪಡೆದಿದ್ದರು. ಸೋವಿಯತ್ ಒಕ್ಕೂಟದಲ್ಲಿ ದೊಡ್ಡ ದ್ರಾಕ್ಷಿತೋಟದ ಮೇಲ್ವಿಚಾರಣೆ ನಡೆಸಿದ್ದರು. ಯುದ್ಧ ಅವರನ್ನು ಮೊದಲು ಜರ್ಮನಿಗೆ, ಅಲ್ಲಿಂದ ಅಮೆರಿಕಕ್ಕೆ ತಳ್ಳಿತು. ಹಲವು ಭಾಷೆಗಳನ್ನು ಬಲ್ಲ ಅವರಿಗೆ ಇಂಗ್ಲಿಷ್ ಮಾತ್ರ ಬಾರದು. ಐವತ್ತು ದಾಟಿದ ವಯಸ್ಸಿನಲ್ಲಿ ನ್ಯೂಯಾರ್ಕ್ ನಗರದ ಊಟದ ಮನೆಯಲ್ಲಿ ತಟ್ಟೆ ತೊಳೆದು ಕಾಸು ಕೂಡಿಸಿ, ಜಿನೀವ ಎಂಬ ಊರಿನಲ್ಲಿದ್ದ ಕೃಷಿ ಪ್ರಯೋಗಕೇಂದ್ರಕ್ಕೆ ಹೋದರು. ಅಲ್ಲಿ ಅವರಿಗೆ ದೊರೆತದ್ದು ನೆಲ ಗುಡಿಸುವ, ಗಿಡಗಳ ಪಾತಿ ಕೆದಕುವ ಕೂಲಿಯ ಕೆಲಸ.

ವಿನಿಫೆರ ಈ ಚಳಿಯಲ್ಲಿ ಬದುಕುವುದಿಲ್ಲವೆಂಬ ಮಾತನ್ನು ಅವರು ಕೇಳಿದರು. ಇದಕ್ಕಿಂತ ಕಠಿನವಾದ ಚಳಿಯಲ್ಲಿ ತಾವು ಅದನ್ನು ಬೆಳೆದಿದ್ದೇವೆಂದು ಹೇಳಿದರು, ಕೇಳುವವರಿರಲಿಲ್ಲ. ಅವರ ವಾದದ ತಿರುಳು ಇಷ್ಟು. ಬಳ್ಳಿಯನ್ನು ಕೊಲ್ಲುವುದು ಬರಿಯ ಚಳಿಯಲ್ಲ, ಚಳಿ ಬರುವ ಹೊತ್ತಿಗೆ ಬಳ್ಳಿ ಸಿದ್ಧವಾಗಿಲ್ಲದಿರುವುದು. ಆ ವರ್ಷದ ಹಸಿರು ಕುಡಿ ಶರತ್ಕಾಲದಲ್ಲಿ ಕಂದುಬಣ್ಣಕ್ಕೆ ತಿರುಗಿ, ನೀರಿನಂಶವನ್ನು ಕಳೆದುಕೊಂಡು, ಗಟ್ಟಿಯಾದ ಕಡ್ಡಿಯಾಗಿ ಬಲಿಯಬೇಕು. ಹಾಗೆ ಬಲಿತ ಕಡ್ಡಿಯ ಕಣ್ಣುಗಳು ಕೊರೆವ ಚಳಿಯನ್ನು ತಾಳುತ್ತವೆ. ಬೇಸಗೆ ಮುಗಿದರೂ ಚಿಗುರುತ್ತಲೇ ಇರುವ ಎಳೆಯ ಕಡ್ಡಿ ಮೊದಲ ಹೊಡೆತಕ್ಕೇ ಒಡೆಯುತ್ತದೆ. ಇದನ್ನು ಬಹುಮಟ್ಟಿಗೆ ನಿರ್ಧರಿಸುವುದು ಬೇರು. ಬೇಗ ಬೆಳವಣಿಗೆ ನಿಲ್ಲಿಸಿ ಮೇಲಿನ ಕಡ್ಡಿಯನ್ನು ಬೇಗ ಬಲಿಸುವ ಬೇರುಸಸಿಯನ್ನು ಹುಡುಕಿದರೆ ಯೂರೋಪಿನ ದ್ರಾಕ್ಷಿ ಇಲ್ಲಿಯೂ ಬದುಕುತ್ತದೆ.

ಈ ಮಾತನ್ನು ಕಿವಿಗೊಟ್ಟು ಕೇಳಿದವರು ಫೂರ್ನಿಯೆ. ಫ್ರಾಂಕರಿಗೆ ಫ್ರೆಂಚ್ ಬರುತ್ತಿದ್ದುದು ಇಬ್ಬರಿಗೂ ಅನುಕೂಲವಾಯಿತು. ೧೯೫೩ರಲ್ಲಿ ಅವರು ಫ್ರಾಂಕರನ್ನು ಗೋಲ್ಡ್ ಸೀಲಿನಲ್ಲಿ ನೇಮಿಸಿಕೊಂಡರು. ಇಬ್ಬರೂ ಚಳಿಯ ನಾಡುಗಳಲ್ಲಿ ಬೇರುಗಳನ್ನು ಅರಸಿದರು. ಕೆನಡದ ಕ್ವಿಬೆಕ್ ಪ್ರಾಂತದಲ್ಲಿ, ಇನ್ನೂ ಉತ್ತರದ ಹಿಮದಲ್ಲಿ, ಕ್ರೈಸ್ತ ಮಠವೊಂದರ ತೋಟದಲ್ಲಿ ಬೇಕಾದಂಥ ಬೇರು ದೊರೆಯಿತು. ಆಮೇಲಿನ ಕೆಲಸ ಸಹನೆಯದು. ಈ ಬೇರಿಗೆ ಆ ಕಡ್ಡಿ, ಆ ಬೇರಿಗೆ ಈ ಕಡ್ಡಿ, ಈ ಮಣ್ಣಿನಲ್ಲಿ ಒಂದು, ಆ ಇಳಿಜಾರಿನಲ್ಲಿ ಇನ್ನೊಂದು ಎಂದು ಸಾವಿರಾರು ಕಸಿಗಳನ್ನು ಕಟ್ಟಿ, ನೆಟ್ಟು, ವರ್ಷವರ್ಷವೂ ಸತ್ತದ್ದೆಷ್ಟು ಉಳಿದದ್ದೆಷ್ಟು ಎಂದು ಎಣಿಸುತ್ತ ಹೋದರು.

೧೯೫೭ರ ಚಳಿ

೧೯೫೭ರ ಫೆಬ್ರವರಿಯಲ್ಲಿ ಪರೀಕ್ಷೆ ತಾನಾಗಿ ಬಂದಿತು. ಉಷ್ಣತೆ ಶೂನ್ಯಕ್ಕಿಂತ ೩೨ ಡಿಗ್ರಿ ಸೆಂಟಿಗ್ರೇಡ್ ಕೆಳಕ್ಕೆ ಇಳಿಯಿತು. ಆ ನೆಲದಲ್ಲೇ ಹುಟ್ಟಿದ, ಯಾವ ಚಳಿಗೂ ಜಗ್ಗವೆಂದು ಹೆಸರಾಗಿದ್ದ ಲಬ್ರುಸ್ಕ ಬಳ್ಳಿಗಳಲ್ಲಿ ಎಷ್ಟೋ ಕರಕಾದವು. ಕೆಲವು ಆ ವರ್ಷ ಹಣ್ಣನ್ನೇ ಬಿಡಲಿಲ್ಲ. ಗಟ್ಟಿ ಬೇರಿನ ಮೇಲೆ ಕಸಿಕಟ್ಟಿದ್ದ ರೀಸ್ಲಿಂಗ್, ಶಾರ್ಡೊನೆ ಬಳ್ಳಿಗಳಲ್ಲಾದರೋ ಹಾಳಾದ ಕಣ್ಣುಗಳು ಹತ್ತರಲ್ಲಿ ಒಂದಕ್ಕಿಂತ ಕಡಿಮೆ. ಅಂದಿನ ಸುಗ್ಗಿಯಲ್ಲಿ ಅವು ಮಾಗಿದ ಹಣ್ಣು ಕೊಟ್ಟವು. ಮುನ್ನೂರು ವರ್ಷದ ತಕರಾರು ಒಂದು ರಾತ್ರಿಯ ಚಳಿಯಲ್ಲಿ ಇತ್ಯರ್ಥವಾಯಿತೆಂದರೆ ಹೆಚ್ಚಾಗಲಾರದು.

೧೯೬೨ರಲ್ಲಿ ಫ್ರಾಂಕರು ಕ್ಯೂಕ ಸರೋವರದ ಪಶ್ಚಿಮದ ದಿಬ್ಬದ ಮೇಲೆ ತಮ್ಮದೇ ಆದ 'ವಿನಿಫೆರ ವೈನ್ ಸೆಲ್ಲರ್ಸ್' ಸ್ಥಾಪಿಸಿದರು. ಸಂಸ್ಥೆಗೆ ಬಳ್ಳಿಯ ಜಾತಿಯ ಹೆಸರನ್ನೇ ಇಟ್ಟುದರಲ್ಲಿ ಅವರ ಹಟವೂ ಕಾಣುತ್ತದೆ. ಬಂದವರಿಗೆಲ್ಲ ಅವರು ತೋಟ ತೋರಿಸಿ ಪಾಠ ಹೇಳುತ್ತಿದ್ದರು. ಮಿಶ್ರತಳಿಗಳನ್ನು ಮಾತ್ರ ಅವರು ಕಂಡರಾಗದಂತೆ ಹಳಿದರು, ಅವು ಆರೋಗ್ಯಕ್ಕೆ ಕೆಡುಕೆಂದು ಕೂಡ ಹೇಳಿದರು. ಆ ಮಾತನ್ನು ವಿಜ್ಞಾನ ಎತ್ತಿಹಿಡಿಯಲಿಲ್ಲ. ಅವರನ್ನು ಕೂಲಿಯಾಗಿ ಇಟ್ಟುಕೊಂಡಿದ್ದ ಜಿನೀವದ ಕೇಂದ್ರವೇ ೧೯೭೨ರಲ್ಲಿ ಹೊರತಂದ 'ಕಯೂಗ ವೈಟ್' ಎಂಬ ಮಿಶ್ರತಳಿ ಅನೇಕ ರೈತರಿಗೆ ನೆರವಾಯಿತು. ಬೇರಿನ ವಿಷಯದಲ್ಲಿ ಫ್ರಾಂಕರು ಹೇಳಿದ್ದು ಸರಿ. ಎಲ್ಲ ವಿಷಯದಲ್ಲೂ ಸರಿಯಾಗಿರಲಿಲ್ಲ. ಅವರು ೧೯೮೫ರಲ್ಲಿ ತೀರಿಕೊಂಡರು. ಮಗ, ಮೊಮ್ಮಗ ಅದೇ ದಿಬ್ಬದಲ್ಲಿ ಕೆಲಸ ಮುಂದುವರಿಸಿದರು.

ಕಾನೂನು ತೆರೆದ ಬಾಗಿಲು

ಬಳ್ಳಿ ಬದುಕುತ್ತದೆಂದು ರುಜುವಾತಾದ ಮೇಲೆಯೂ ಪ್ರದೇಶ ಒಡನೆಯೇ ಚೇತರಿಸಿಕೊಳ್ಳಲಿಲ್ಲ. ಇದನ್ನು ಅರ್ಥಶಾಸ್ತ್ರದ ವಿದ್ಯಾರ್ಥಿಗಳು ವಿಶೇಷವಾಗಿ ಗಮನಿಸಬೇಕು. ರೈತನ ಬಳಿ ಹಣ್ಣಿದ್ದರೂ ವೈನು ಮಾಡಿ ಮಾರಲು ಅಂದಿನ ರಾಜ್ಯ ಶಾಸನ ಅವನಿಗೆ ಅನುಕೂಲವಾಗಿರಲಿಲ್ಲ. ಪರವಾನಗಿಯ ಶುಲ್ಕ ದೊಡ್ಡ ಕಾರ್ಖಾನೆಗಳ ಅಳತೆಯದು. ಬಾಗಿಲಿಗೆ ಬಂದ ಗಿರಾಕಿಗೆ ನೇರವಾಗಿ ಮಾರುವುದಕ್ಕೂ ಬಿಗಿಯಾದ ನಿರ್ಬಂಧಗಳಿದ್ದವು. ೧೯೭೦ರ ದಶಕದಲ್ಲಿ ಜನರ ರುಚಿ ಬದಲಾಗಿ ದೊಡ್ಡ ಕಂಪೆನಿಗಳು ಇಲ್ಲಿಯ ಹಣ್ಣಿನ ಖರೀದಿಯನ್ನು ಕಡಿಮೆಮಾಡಿದವು. ಬೆಲೆ ಕುಸಿಯಿತು. ಮೂರು ತಲೆಮಾರಿನಿಂದ ದ್ರಾಕ್ಷಿಯನ್ನೇ ನಂಬಿದ್ದ ಕುಟುಂಬಗಳು ಬಳ್ಳಿ ಕಿತ್ತುಹಾಕುವುದೋ ಜಮೀನು ಮಾರುವುದೋ ಎಂದು ಯೋಚಿಸಬೇಕಾಯಿತು.

ರೈತರು ಒಂದಾಗಿ ಒತ್ತಾಯಿಸಿದರು. ೧೯೭೬ರಲ್ಲಿ ರಾಜ್ಯ 'ಫಾರ್ಮ್ ವೈನರಿ' ಶಾಸನವನ್ನು ಮಾಡಿತು. ಗವರ್ನರ್ ಹ್ಯೂ ಕೇರಿ ಅದಕ್ಕೆ ಸಹಿ ಹಾಕಿದರು. ಅದರಂತೆ, ರಾಜ್ಯದಲ್ಲೇ ಬೆಳೆದ ದ್ರಾಕ್ಷಿಯಿಂದ ವರ್ಷಕ್ಕೆ ೫೦,೦೦೦ ಗ್ಯಾಲನ್ನಿನವರೆಗೆ ವೈನು ಮಾಡುವ ರೈತನಿಗೆ ಅಲ್ಪ ಶುಲ್ಕದಲ್ಲಿ ಪರವಾನಗಿ ಸಿಗುವಂತಾಯಿತು; ತನ್ನ ತೋಟದಲ್ಲೇ ಕುಳಿತು ಬಂದವರಿಗೆ ನೇರವಾಗಿ ಮಾರುವ ಹಕ್ಕೂ ಬಂದಿತು. ಕೆಲವು ಪುಟಗಳ ಈ ಶಾಸನ ಮಾಡಿದ ಕೆಲಸ ಅಪಾರ. ಹಣ್ಣನ್ನು ಮಾರಿದರೆ ಸಿಗುವುದು ಕೊಂಡವನು ಹೇಳಿದ ಬೆಲೆ. ಅದೇ ಹಣ್ಣನ್ನು ಶೀಸೆಯಲ್ಲಿ ತುಂಬಿ ತನ್ನ ಹೆಸರಿನ ಚೀಟಿ ಅಂಟಿಸಿ ಮಾರಿದರೆ ಬೆಲೆ ಹೇಳುವವನು ರೈತನೇ.

ಮರುವರ್ಷವೇ, ೧೯೭೭ರಲ್ಲಿ, ಸೆನೆಕದ ಪಶ್ಚಿಮ ದಡದಲ್ಲಿ 'ಗ್ಲೆನೋರ', ಕ್ಯೂಕದ ಮೇಲಿನ ಗುಡ್ಡದಲ್ಲಿ 'ಹೆರಾನ್ ಹಿಲ್' ತೆರೆದವು. ಸೆನೆಕದ ಪೂರ್ವದಲ್ಲಿ 'ವ್ಯಾಗ್ನರ್', ಕಯೂಗದ ದಡದಲ್ಲಿ ೧೯೮೦ರಲ್ಲಿ 'ಲ್ಯೂಕಸ್' ಬಂದವು. ಮೋಸೆಲ್ ಕಣಿವೆಯ ಬೆರ್ನ್‌ಕಾಸ್ಟೆಲಿನಲ್ಲಿ ಬಳ್ಳಿಯ ಸಸಿಗಳನ್ನು ಬೆಳೆಸುವ ಮನೆತನದಿಂದ ಬಂದಿದ್ದ ಹರ್ಮನ್ ವೀಮರ್ ೧೯೭೩ರಲ್ಲಿ ಸೆನೆಕದ ಪಕ್ಕದಲ್ಲಿ ಹಳೆಯ ಹೊಲವೊಂದನ್ನು ಕೊಂಡು ರೀಸ್ಲಿಂಗ್ ನೆಟ್ಟಿದ್ದರು. ೧೯೭೯ರಲ್ಲಿ ತಮ್ಮ ವೈನಿನ ಮನೆಯನ್ನು ಆರಂಭಿಸಿದರು. ಅವರು ವೈನನ್ನಷ್ಟೇ ಮಾಡದೆ ಕಸಿಕಟ್ಟಿದ ಸಸಿಗಳನ್ನೂ ಬೆಳೆಸಿ ಬೇರೆಯವರಿಗೆ ಮಾರಿದರು. ಫ್ರಾಂಕರು ಸಾಧಿಸಿ ತೋರಿಸಿದ್ದನ್ನು ಯಾರು ಬೇಕಾದರೂ ಕೊಂಡು ನೆಡುವಂತೆ ಮಾಡಿದ್ದು ಇಂಥ ಸಸಿಮಡಿಗಳು.

ಈ ನಡುವೆ ನಡೆದ ಒಂದು ವ್ಯಾಜ್ಯವನ್ನು ಹೇಳದೆ ಬಿಡುವಂತಿಲ್ಲ. ಟೇಲರ್ ಕಂಪೆನಿಯ ಸ್ಥಾಪಕರ ಮೊಮ್ಮಗ ವಾಲ್ಟರ್ ಟೇಲರ್, ಕಂಪೆನಿಯ ವೈನಿನಲ್ಲಿ ನೀರೂ ಹೊರರಾಜ್ಯದ ವೈನೂ ಬೆರೆಯುವುದನ್ನು ಬಹಿರಂಗವಾಗಿ ಟೀಕಿಸಿ ಅಲ್ಲಿಂದ ಹೊರಬೀಳಬೇಕಾಯಿತು. ೧೯೭೦ರಲ್ಲಿ ಅಜ್ಜನ ಹಳೆಯ ಜಾಗದಲ್ಲಿ 'ಬುಲ್ಲಿ ಹಿಲ್' ತೆರೆದರು. ೧೯೭೭ರಲ್ಲಿ ಟೇಲರ್ ಕಂಪೆನಿಯನ್ನು ಕೋಕಾ ಕೋಲಾ ಕೊಂಡಿತು. ಟೇಲರ್ ಎಂಬ ಹೆಸರನ್ನು ಶೀಸೆಯ ಮೇಲೆ ಬಳಸಬಾರದೆಂದು ಮೊಮ್ಮಗನ ಮೇಲೆ ದಾವೆ ಹೂಡಲಾಯಿತು. ನ್ಯಾಯಾಲಯದಲ್ಲಿ ಸೋತ ಅವರು ಚೀಟಿಗಳ ಮೇಲಿನ ತಮ್ಮ ಮನೆತನದ ಹೆಸರಿಗೆ ಮಸಿ ಬಳಿದು ಮಾರಿದರು. ಮಸಿ ಬಳಿದ ಆ ಶೀಸೆಗಳಿಗೆ ಗಿರಾಕಿಗಳು ಮುಗಿಬಿದ್ದರು.

ಇತ್ತ ದೊಡ್ಡ ಕಂಪೆನಿಗಳು ಕೈಯಿಂದ ಕೈಗೆ ಮಾರಾಟವಾಗುತ್ತ ಹೋದವು. ಫೂರ್ನಿಯೆ, ಫ್ರಾಂಕ್ ಇಬ್ಬರೂ ದುಡಿದಿದ್ದ ಗೋಲ್ಡ್ ಸೀಲ್ ೧೯೮೪ರಲ್ಲಿ ಬಾಗಿಲು ಹಾಕಿತು. ಉಳಿದದ್ದು, ಬೆಳೆದದ್ದು ಚಿಕ್ಕವರು. ೧೯೮೨ರಲ್ಲಿ ಕೇಂದ್ರ ಸರ್ಕಾರ 'ಫಿಂಗರ್ ಲೇಕ್ಸ್' ಅನ್ನು ಪ್ರತ್ಯೇಕ ದ್ರಾಕ್ಷಿ ಪ್ರದೇಶವೆಂದು ಮಾನ್ಯ ಮಾಡಿತು. ನಮ್ಮ ಬೆಂಗಳೂರು ನೀಲಿ ದ್ರಾಕ್ಷಿಗೆ ದೊರೆತಿರುವ ಭೌಗೋಳಿಕ ಸೂಚಕದ ಮಾನ್ಯತೆಯಂತೆ ಅದೂ ಊರಿನ ಹೆಸರನ್ನು ಕಾಯುವ ವ್ಯವಸ್ಥೆ. ೧೯೮೩ರಲ್ಲಿ ಕಯೂಗದ ದಡದ ಕೆಲವು ಮನೆಗಳು ಸೇರಿ, ಪ್ರವಾಸಿಗಳು ಒಂದು ತೋಟದಿಂದ ಇನ್ನೊಂದಕ್ಕೆ ಹೋಗಲು ದಾರಿ ಗುರುತಿಸಿದವು. ಆ ಬಗೆಯ ವೈನು ಮಾರ್ಗ ಅಮೆರಿಕದಲ್ಲಿ ಅದೇ ಮೊದಲನೆಯದು. ನೆರೆಯವನು ಪ್ರತಿಸ್ಪರ್ಧಿಯಲ್ಲ, ತನ್ನ ಬಾಗಿಲಿಗೂ ಗಿರಾಕಿಯನ್ನು ಕರೆತರುವವನು ಎಂಬ ತಿಳಿವಳಿಕೆ ಅದರಲ್ಲಿತ್ತು.

ಮುಗಿಯದ ಹೋರಾಟ

ಚಳಿಯೇನೂ ಸೋತು ಹಿಂದೆಗೆದಿಲ್ಲ. ಇಂದಿಗೂ ಶರತ್ಕಾಲ ಮುಗಿಯುವಾಗ ರೈತರು ಬಳ್ಳಿಯ ಬುಡಕ್ಕೆ ಮಣ್ಣೇರಿಸಿ ಕಸಿಯ ಗಂಟನ್ನು ಮುಚ್ಚುತ್ತಾರೆ, ವಸಂತದಲ್ಲಿ ಆ ಮಣ್ಣನ್ನು ಸರಿಸುತ್ತಾರೆ. ಮೇಲಿನ ಕಾಂಡ ಸತ್ತರೂ ಗಂಟಿನ ಮೇಲಿನ ಒಂದು ಕಣ್ಣು ಉಳಿದರೆ ಬಳ್ಳಿ ಮತ್ತೆ ಎದ್ದೀತೆಂಬ ಲೆಕ್ಕ. ಒಂದು ಕಾಂಡ ಹೋದರೆ ಇನ್ನೊಂದಿರಲೆಂದು ಒಂದೇ ಬುಡದಿಂದ ಎರಡು ಮೂರು ಕಾಂಡಗಳನ್ನು ಬೆಳೆಸುತ್ತಾರೆ. ಇಷ್ಟೆಲ್ಲ ಮಾಡಿಯೂ ೨೦೨೩ರ ಮೇ ತಿಂಗಳಲ್ಲಿ, ಚಿಗುರೊಡೆದ ಮೇಲೆ ಬಿದ್ದ ಒಂದು ರಾತ್ರಿಯ ಹಿಮ ಅನೇಕ ತೋಟಗಳ ಬೆಳೆಯನ್ನು ಸುಟ್ಟುಹಾಕಿತು. ಲಬ್ರುಸ್ಕ ಮತ್ತು ಮಿಶ್ರತಳಿಗಳನ್ನು ಎಷ್ಟೋ ರೈತರು ಇಂದಿಗೂ ಬಿಟ್ಟಿಲ್ಲವೆಂದರೆ ಅದರಲ್ಲಿ ವಿವೇಕವಿದೆ.

ಈ ಪುನರುಜ್ಜೀವನಕ್ಕೆ ಒಬ್ಬನೇ ಕರ್ತೃವನ್ನು ಹೆಸರಿಸುವುದು ಸಾಧ್ಯವಿಲ್ಲ. ಫ್ರಾಂಕರ ವಿದ್ಯೆ ಇತ್ತು. ಫೂರ್ನಿಯೆ ಅದನ್ನು ಗುರುತಿಸದಿದ್ದರೆ ಆ ವಿದ್ಯೆ ಪೊರಕೆಯ ಜೊತೆಯಲ್ಲೇ ಮೂಲೆ ಸೇರುತ್ತಿತ್ತು. ಇಬ್ಬರ ಕಸಿಯೂ ಗೆದ್ದಿತ್ತು. ೧೯೭೬ರ ಶಾಸನವಿಲ್ಲದಿದ್ದರೆ ಅದು ಒಂದೆರಡು ತೋಟಗಳ ವಿಶೇಷವಾಗಿ ಉಳಿಯುತ್ತಿತ್ತು. ಶಾಸನ ಬಂದಿತ್ತು; ಸಾಲ ಮಾಡಿ ಬಳ್ಳಿ ನೆಟ್ಟು, ಮೊದಲ ಫಲಕ್ಕೆ ಮೂರು ನಾಲ್ಕು ವರ್ಷ ಕಾಯಲು ಎದೆಗಾರಿಕೆಯುಳ್ಳ ಕುಟುಂಬಗಳಿಲ್ಲದಿದ್ದರೆ ಅದು ಕಾಗದದಲ್ಲೇ ಉಳಿಯುತ್ತಿತ್ತು. ನಮ್ಮ ನಾಡಿನಲ್ಲಿಯೂ ಹಣ್ಣು ಬೆಳೆದು ಬೆಲೆಗಾಗಿ ಪರರ ಮುಖ ನೋಡುವ ರೈತರು ಕಡಿಮೆಯಿಲ್ಲ; ಪದವಿ ಪಡೆದು ತಮ್ಮ ವಿದ್ಯೆಗೆ ತಕ್ಕ ಕೆಲಸ ಕಾಣದವರೂ ಕಡಿಮೆಯಿಲ್ಲ. ಬೆರಳು ಸರೋವರಗಳ ದಡದಲ್ಲಿ ಈ ಎರಡು ಕಷ್ಟಗಳು ಒಂದಕ್ಕೊಂದು ಸಂಧಿಸಿದಾಗ ಏನಾಯಿತೆಂಬುದನ್ನು ಅಲ್ಲಿಯ ಹಸಿರು ಇಳಿಜಾರುಗಳು ತೋರಿಸುತ್ತಿವೆ.